ನಮ್ಮ ಸೀಮೆಯ ಶಾಸನಗಳೂ ವಿದ್ಯಾರ್ಥಿಗಳ ಕರ್ತವ್ಯವೂ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಡುವವನಿಗೆ ಮೊದಲು ಬೇಕಾದುದು ಆಧಾರ. ಆಧಾರವಿಲ್ಲದುದು ಕಟ್ಟುಕಥೆಯೇ ಹೊರತು ಚರಿತ್ರೆಯೆನಿಸದು. ನಮ್ಮ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಆಧಾರಗಳಿಗೆ ಬಡತನವಿಲ್ಲ. ತೆಂಗಿನ ತೋಟಗಳ ನಡುವೆ, ಕೆರೆಯ ಏರಿಗಳ ಮೇಲೆ, ಗುಡಿಗಳ ಅಂಗಳದಲ್ಲಿ ಶಾಸನಗಳೂ ವೀರಗಲ್ಲುಗಳೂ ನಿಂತಿವೆ. ಶೆಟ್ಟಿಕೆರೆಯ ಯೋಗಮಾಧವ ದೇವಾಲಯವು ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, ಕ್ರಿ. ಶ. 1261ರಲ್ಲಿ ಆದುದು. ಕೊರತೆಯಿರುವುದು ಕಲ್ಲುಗಳಿಗಲ್ಲ, ಓದುವವರಿಗೆ.

ಈ ಶಾಸನಗಳನ್ನು ಕ್ರಮವಾಗಿ ಸಂಗ್ರಹಿಸಿದ ಕೀರ್ತಿ ಬಿ. ಎಲ್. ರೈಸ್ ಅವರದು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಈ ಮಹನೀಯರು ಮೈಸೂರು ಸಂಸ್ಥಾನದ ಪುರಾತತ್ತ್ವ ಶೋಧನೆಯ ಮುಖ್ಯಸ್ಥರಾಗಿ 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟಗಳನ್ನು ಹೊರಡಿಸಿದರು. ಕೊಡಗಿನ ಮೊದಲ ಸಂಪುಟವು 1886ರಲ್ಲಿಯೂ, ನಮ್ಮ ತುಮಕೂರು ಜಿಲ್ಲೆಯ 12ನೆಯ ಸಂಪುಟವು 1904ರಲ್ಲಿಯೂ ಅಚ್ಚಾದುವು. ತಾಲ್ಲೂಕುವಾರು ವಿಂಗಡಿಸಿ, ಕನ್ನಡ ಲಿಪಿಯ ಮೂಲಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಅದರಲ್ಲಿ ಕೊಟ್ಟಿರುವರು.

ನಾನು ಉಪಾಧ್ಯಾಯನಾಗಿದ್ದಾಗ ಈ ಸಂಪುಟವನ್ನು ನೋಡಲೆಂದೇ ಬೆಂಗಳೂರಿಗೆ ಹೋದುದುಂಟು. ಎರಡು ದಿನದ ರಜೆ ವ್ಯಯವಾಗಿ, ಕೈಯಿಂದ ನಕಲು ಮಾಡಿಕೊಂಡ ನಾಲ್ಕು ಹಾಳೆ ಲಾಭವಾಯಿತು. ಇಂದಾದರೋ ಅದೇ ಗ್ರಂಥವು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಶುಲ್ಕವಿಲ್ಲದೆ ಮನೆಯಲ್ಲಿಯೇ ದೊರೆಯುತ್ತದೆ. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ 5 ಲಕ್ಷಕ್ಕೂ ಮಿಕ್ಕ ಸಂಶೋಧನ ಪ್ರಬಂಧಗಳನ್ನು 'ಶೋಧಗಂಗಾ' ಭಂಡಾರದಲ್ಲಿ ಯಾರಾದರೂ ಓದಬಹುದು. ಖರಗಪುರದ ಐ. ಐ. ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ಶಾಲೆಯ ಮಕ್ಕಳಿಗೂ ತೆರೆದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿಂದ ಸರ್ಕಾರಿ ಕಾಲೇಜುಗಳಿಗೆ ಸುಮಾರು 13,000 ವಿದ್ವತ್ಪತ್ರಿಕೆಗಳು ಲಭ್ಯವಾಗುವ ಏರ್ಪಾಡಾಗಿದೆ.

ಇಷ್ಟಿದ್ದೂ ನಡೆಯುತ್ತಿರುವುದೇನು? ಕಳೆದ ವರ್ಷ ನೆರೆಯ ಹಳ್ಳಿಯ ಹುಡುಗನೊಬ್ಬನು ತನ್ನ ಊರಿನ ಚರಿತ್ರೆಯನ್ನು ಬರೆದು ತಂದನು. ಊರನ್ನು ಪಾಂಡವರು ಕಟ್ಟಿದರೆಂದು ಅದರಲ್ಲಿತ್ತು. "ಇದಕ್ಕೆ ಆಧಾರವೇನಪ್ಪ?" ಎಂದೆ. "ಮೊಬೈಲಿನಲ್ಲಿ ಬಂದಿತ್ತು, ಮೇಷ್ಟ್ರೇ, ಊರಿನವರೂ ಹಾಗೆಯೇ ಹೇಳುತ್ತಾರೆ" ಎಂದನು. ಅದೇ ಮೊಬೈಲಿನಲ್ಲಿ ರೈಸರ ಸಂಪುಟವನ್ನು ತೆರೆಸಿದೆ. ಅವನ ಊರಿನ ಹೆಸರಿನ ಕೆಳಗೆ ಕೆರೆಗೆ ಭೂಮಿ ಬಿಟ್ಟ ಒಂದು ಶಾಸನವು ಸಿಕ್ಕಿತು. ಮರುದಿನ ಕಲ್ಲನ್ನು ಹುಡುಕಿಹೋದರೆ ಅದು ಅಲ್ಲಿರಲಿಲ್ಲ. ಹಿಂದೊಮ್ಮೆ ತೂಬನ್ನು ದುರಸ್ತಿ ಮಾಡುವಾಗ ಒಡೆದುಹಾಕಿದರೆಂದು ವೃದ್ಧರು ಹೇಳಿದರು. ಕಲ್ಲು ಹೋಯಿತು, ಅಕ್ಷರವು ಉಳಿಯಿತು. ತಾನು ದಿನವೂ ಈಜುವ ಕೆರೆಗೆ ದಾನಿಯೊಬ್ಬನಿದ್ದನೆಂದು ತಿಳಿದ ಹುಡುಗನು ಬಹಳ ಹೊತ್ತು ಏರಿಯ ಮೇಲೆಯೇ ಕುಳಿತಿದ್ದನು.

ಆದರೆ ಜಾಲದಲ್ಲಿರುವುದೆಲ್ಲ ಪ್ರಮಾಣವಲ್ಲ. ನಮ್ಮ ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪಿದರಾದರೂ, ಆ ಶಬ್ದವು ಆಪ್ತನದಾಗಿರಬೇಕೆಂದು ವಿಧಿಸಿದರು. ಬರೆದವನಾರು, ಯಾವ ವರ್ಷದಲ್ಲಿ, ಯಾವುದನ್ನು ನೋಡಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಬರಹವನ್ನು ಬದಿಗಿಡುವುದೇ ಲೇಸು. ರೈಸರ ಪಾಠವನ್ನೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೊಡನೆ, ಕಲ್ಲು ಉಳಿದಿದ್ದರೆ ಕಲ್ಲಿನೊಡನೆಯೂ ಹೋಲಿಸಿ ನೋಡತಕ್ಕದ್ದು.

ಆದಕಾರಣ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಭಂಡಾರದ ಬೀಗವು ತೆರೆದಿದೆ. ಒಳಗೆ ಹೋಗುವ ದಾರಿಯನ್ನು ಮೊದಲು ತಾವು ಕಲಿತು, ಬಳಿಕ ಮಕ್ಕಳಿಗೆ ತೋರಿಸಬೇಕು. ವರ್ಷಕ್ಕೊಮ್ಮೆಯಾದರೂ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಶಾಸನವನ್ನು ಗ್ರಂಥದಲ್ಲಿ ಓದಿ, ಸ್ಥಳದಲ್ಲಿ ಕಂಡು, ಇರುವುದನ್ನು ಇದ್ದಂತೆ ಬರೆದಿಡಲಿ. ಉಳಿದಿರುವ ಕಲ್ಲುಗಳು ತೂಬಿಗೋ ಮೆಟ್ಟಿಲಿಗೋ ಸೇರದಂತೆ ಕಾಯುವವರು ಆ ಮಕ್ಕಳೇ ಆಗುವರು.