ಗುಪ್ತಶೆಟ್ಟಿಹಳ್ಳಿ: ಒಬ್ಬ ಎಸ್ಪಿಯ ನೆನಪು, ನಮ್ಮ ಹೊಲದ ಚರಿತ್ರೆ

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ.

ಪೊಲೀಸ್ ಅಧಿಕಾರಿಯನ್ನ ನೆನೆದು ಬರೆಯೋದು ನಮ್ಮ ಚಳವಳಿಯೊಳಗ ರೂಢಿ ಇಲ್ಲ. ಅದಕ್ಕ ಕಾರಣಾನೂ ಅದಾವ. ಆದರೂ ಪ್ರತಿ ವರ್ಷ ಡಿಸೆಂಬರ್ 28 ಬಂದಾಗ ನನಗೆ ಕೆ. ಮಧುಕರ ಶೆಟ್ಟಿ ನೆನಪಾಗ್ತಾರ. 2018ರ ಆ ದಿನ ಹೈದರಾಬಾದಿನ ಆಸ್ಪತ್ರೆಯೊಳಗ ಎಚ್1ಎನ್1 ಸೋಂಕಿನಿಂದ ಅವರು ತೀರಿಹೋದರು. ವಯಸ್ಸು ಬರೇ 47. ಹೆಂಡತಿ, ಒಬ್ಬ ಮಗಳು. ಆಗ ಅವರು ಅಲ್ಲಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ ಹೊಸ ಐಪಿಎಸ್ ಅಧಿಕಾರಿಗಳಿಗೆ ಕಲಿಸೋ ಕೆಲಸದಲ್ಲಿದ್ದರು. ಅಂತ್ಯಕ್ರಿಯೆ ಆದದ್ದು ಕುಂದಾಪುರ ತಾಲೂಕಿನ ಯಡಾಡಿಯಲ್ಲಿ.

ಕುಂದಾಪುರದ ಶೆಟ್ಟರಿಗೂ ಗದಗ ತಾಲೂಕಿನ ಕುರ್ತಕೋಟಿ ಕೇರಿಯ ನನಗೂ ಏನು ಸಂಬಂಧ ಅಂತ ಕೇಳ್ಬಹುದು. ಸಂಬಂಧ ಹೊಲದ್ದು. ಅದನ್ನ ಹೇಳಬೇಕಂದ್ರ ಮೊದಲು ನಮ್ಮ ಊರ ಕಡೆ ಪೊಲೀಸ್ ಅಂದ್ರ ಏನಿತ್ತು ಅನ್ನೋದನ್ನ ಹೇಳಬೇಕು.

ನಮ್ಮ ಭಾಗ 1956ರ ತನಕ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಬ್ರಿಟಿಷರು 1867ರಲ್ಲಿ ಗ್ರಾಮ ಪೊಲೀಸ್ ಕಾಯ್ದೆ ತಂದರು. ಆ ಕಾಯ್ದೆ ಪ್ರಕಾರ ಊರಿನ ಪೊಲೀಸ್ ಅಧಿಕಾರ ಪೊಲೀಸ್ ಪಾಟೀಲನದು, ಅಂದ್ರ ಗೌಡರದು. ಠಾಣೆ ದೂರ, ಗೌಡರ ಕಟ್ಟೆ ಹತ್ರ. ಊರಾಗಿನ ಜಗಳ, ಕಳ್ಳತನ, ಸಾವು ಎಲ್ಲಾದಕ್ಕೂ ಮೊದಲ ವರದಿ ಹೋಗೋದು ಅವರ ಕಡೆಯಿಂದ. ಊರ ದೊಡ್ಡ ಜಮೀನ್ದಾರನೇ ಊರ ಪೊಲೀಸ್ ಆದ್ರ ಅವನ ಮ್ಯಾಲೆ ದೂರು ಯಾರಿಗೆ ಕೊಡೋದು?

ಗೌಡರ ಕೆಳಗ ದುಡಿಯೋರು ವಾಲೀಕಾರರು, ತಳವಾರರು. ನಮ್ಮಜ್ಜ ವಾಲೀಕಾರಕಿ ಮಾಡಿದವ. ಊರಿಗೆ ಅಮಲ್ದಾರ ಬಂದ್ರ ಮುಂದ ಓಡೋದು, ಕಂದಾಯದ ದುಡ್ಡಿಗೆ ಕಾವಲು ಹೋಗೋದು, ಚಾವಡಿಗೆ ಜನರನ್ನ ಕರೆಯೋದು, ಹೆಣ ಕಾಯೋದು. ಅಂದ್ರ ಪೊಲೀಸ್ ಕೆಲಸದ ಬೆವರು ನಮ್ಮದು, ಅಧಿಕಾರ ಅವರದು. ಪಗಾರ ಅಂತ ಕೈಗೆ ಬರೋದು ಏನೂ ಇಲ್ಲ. ಚಾಕರಿ ಹೊಲ ಅಂತ ಒಂದು ತುಂಡು, ಸುಗ್ಗಿಯೊಳಗ ಮನಿ ಮನಿಗೆ ಹೋಗಿ ಬೇಡಿದ ಆಯ.

ಈ ವ್ಯವಸ್ಥೆಗೆ ಹಗ್ಗ ಬಿಗಿದದ್ದು 1874ರ ವತನ್ ಕಾಯ್ದೆ. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಇದನ್ನ ತಿದ್ದೋ ಮಸೂದೆ ಮಂಡಿಸಿದರು. ವತನ್ ಹೊಲ ಉಳೀಬೇಕಂದ್ರ ಒಬ್ಬನಲ್ಲ, ಇಡೀ ಮನೆತನ ಹಗಲು ರಾತ್ರಿ ಸರ್ಕಾರದ ಚಾಕರಿಗೆ ಬದ್ಧ. ಮನಿ ಯಜಮಾನ ಇಲ್ಲದಿದ್ರ ಅವನ ಅಪ್ಪನ್ನ, ಹೆಂಗಸರನ್ನೂ ಕೆಲಸಕ್ಕ ಎಳೀತಿದ್ರು. ಈ ಅನ್ಯಾಯಾನ ಅವರು ಸಭೆಯ ಮುಂದಿಟ್ಟರು. ಮಸೂದೆ ಪಾಸಾಗಲಿಲ್ಲ, ಕೊನೆಗೆ ಹಿಂದಕ್ಕ ತಗೋಬೇಕಾಯ್ತು. ನಮ್ಮ ರಾಜ್ಯದಾಗ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿ ಆದದ್ದು 1963ರಲ್ಲಿ. ಚಾಕರಿ ಹೋಯ್ತು, ಹೊಲ ಚಾಕರಿ ಮಾಡಿದವರ ಹೆಸರಿಗೆ ಮರುಮಂಜೂರಾಗಬೇಕಿತ್ತು. ಎಷ್ಟೋ ಕಡೆ ಹೆಸರು ಕಾಗದದಾಗ ಬಂತು, ನೇಗಿಲು ಮಾತ್ರ ಬೇರೆಯವರದೇ ಉಳೀತು. ನಮ್ಮ ಮನಿ ಕಥೆನೂ ಅದೇ. ನಮ್ಮಪ್ಪ ಆ ಹೊಲದ ಬದುವಿನ ಮ್ಯಾಲೆ ನಿಂತು “ಇದು ನಮ್ಮದಿತ್ತು” ಅಂತ ತೋರಿಸ್ತಿದ್ದ. ಒಮ್ಮೆ ದೂರು ಒಯ್ದಾಗ ಠಾಣೆಯೊಳಗ ಸಿಕ್ಕ ಉತ್ತರ: “ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗ್ರಿ.” ಈ ಮಾತು ಕೇಳದ ದಲಿತ ರೈತ ಕರ್ನಾಟಕದಾಗ ಯಾರಾದ್ರೂ ಅದಾರೇನು?

ಈಗ ಮಧುಕರ ಶೆಟ್ಟರ ಕಡೆ ಬರ್ತೀನಿ.

ಅವರ ತಂದೆ ವಡ್ಡರ್ಸೆ ರಘುರಾಮ ಶೆಟ್ಟಿ. 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆ ತಂದವರು. ಓದುಗರ ಒಡೆತನದ ಪತ್ರಿಕೆ ಅಂತ ಅದನ್ನ ಕಟ್ಟಿದರು. ಪತ್ರಿಕಾ ಕಚೇರಿಯ ಬಾಗಿಲು ಯಾವ ಜಾತಿಯವರಿಗೆ ತೆರೀತದ ಅನ್ನೋ ಪ್ರಶ್ನೆಯನ್ನ ಆ ಕರಾವಳಿಯೊಳಗ ಎತ್ತಿದವರು. ಪತ್ರಿಕೆ ದುಡ್ಡಿನ ಮಾರುಕಟ್ಟೆಯಲ್ಲಿ ಬಾಳಲಿಲ್ಲ. ಆದರೆ ಅಂಥ ಮನಿಯೊಳಗ ಬೆಳೆದ ಹುಡುಗನಿಗೆ ಜಾತಿ, ಜಮೀನು, ಅಧಿಕಾರ ಪರೀಕ್ಷೆಗೆ ಓದೋ ವಿಷಯ ಆಗಿರಲಿಕ್ಕಿಲ್ಲ, ಮನಿಯಾಗಿನ ದಿನದ ಮಾತೇ ಆಗಿರಬೇಕು. ಜೆಎನ್‌ಯುನಲ್ಲಿ ಓದಿ, 1999ರ ಬ್ಯಾಚಿನ ಐಪಿಎಸ್ ಆಗಿ ಕರ್ನಾಟಕಕ್ಕೇ ಬಂದರು.

2000ದ ದಶಕದ ನಡುವಿನಲ್ಲಿ ಅವರು ಚಿಕ್ಕಮಗಳೂರಿನ ಎಸ್ಪಿ. ಜಿಲ್ಲಾಧಿಕಾರಿ ಹರ್ಷ ಗುಪ್ತ. ಕಾಫಿ ತೋಟದ ಜಿಲ್ಲೆ ಅದು. ಅಲ್ಲಿ ಸಾವಿರ ಎಕರೆ ಲೆಕ್ಕದಾಗ ಒತ್ತುವರಿ ಮಾಡಿದವರು “ಪ್ಲಾಂಟರ್”, ಒಂದು ಗುಡಿಸಲು ಹಾಕಿದವರು “ಅತಿಕ್ರಮಣಕಾರರು”. ಮೀಸಲು ಕಾಡಿನಿಂದ ಎಬ್ಬಿಸಿ ಹೊರಗೆ ಹಾಕಿದ್ದ ಭೂಹೀನ ದಲಿತ ಕುಟುಂಬಗಳು ದಿಕ್ಕಿಲ್ಲದೆ ಇದ್ದವು. ಈ ಇಬ್ಬರೂ ಸೇರಿ ಸಾರಗೋಡು ಭಾಗದಲ್ಲಿ ಪ್ರಭಾವಿಗಳ ಕೈಯೊಳಗಿದ್ದ ಒತ್ತುವರಿ ಜಮೀನು ಬಿಡಿಸಿದರು. ಮೂವತ್ತಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಎರಡೆಕರೆಯಂತೆ ಹಂಚಿದರು. ಜನ ಅಲ್ಲಿ ಮನೆ ಕಟ್ಟಿಕೊಂಡು ಊರಿಗೆ ಹೆಸರಿಟ್ಟರು: ಗುಪ್ತಶೆಟ್ಟಿಹಳ್ಳಿ.

ಇದರಾಗ ಡಿಸಿ ಕೆಲಸ ಅರ್ಥ ಆಗ್ತದ. ಭೂಮಿ ಕಂದಾಯ ಇಲಾಖೆಗೆ ಸೇರಿದ್ದು. ಎಸ್ಪಿ ಕೆಲಸ ಏನು? ಅದೇ ಮುಖ್ಯ. ಒತ್ತುವರಿ ತೆರವಿನ ಆದೇಶ ಎಲ್ಲಾ ಜಿಲ್ಲೆಯ ಫೈಲಿನೊಳಗೂ ಇರ್ತಾವ. ತೆರವಿನ ದಿನ “ಬಂದೋಬಸ್ತ್‌ಗೆ ಸಿಬ್ಬಂದಿ ಇಲ್ಲ” ಅಂತ ಒಂದು ಪತ್ರ ಬಂದ್ರ ಆದೇಶ ಅಲ್ಲೇ ಸಾಯ್ತದ. ಮಧುಕರ ಶೆಟ್ಟಿ ಆ ಪತ್ರ ಬರೀಲಿಲ್ಲ. ನಮ್ಮ ಮ್ಯಾಲೆ ಬೀಳೋ ಅದೇ ಖಾಕಿ ಅವತ್ತು ತೋಟದ ಮಾಲೀಕನ ಬೇಲಿ ಮುಂದ ನಿಂತಿತ್ತು. “ಸಿವಿಲ್ ಮ್ಯಾಟರ್” ಅನ್ನೋ ಮಾತು ಅಲ್ಲಿ ಕೇಳಲಿಲ್ಲ.

ಆಮೇಲೆ ಅವರು ಲೋಕಾಯುಕ್ತದ ಎಸ್ಪಿ. ನ್ಯಾ. ಸಂತೋಷ್ ಹೆಗ್ಡೆ ಲೋಕಾಯುಕ್ತರಾಗಿದ್ದ ಕಾಲ ಅದು, ಬಳ್ಳಾರಿ ಗಣಿಯ ಧೂಳು ನಮ್ಮ ಗದಗದ ರಸ್ತೆ ತನಕ ಬಂದಿದ್ದ ಕಾಲ. 2009ರಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ಶಾಸಕರ ಭವನದಾಗೇ ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದರು. ಅಂಥ ಕೆಲಸ ಮಾಡಿದ ತಂಡದಲ್ಲಿದ್ದವರು ಇವರು. ನಂತರ ರಜೆ ಹಾಕಿ ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡಿ ಬಂದರು.

ಈಗ ಕಹಿ ಮಾತು. ದಲಿತರ ಊರಿಗೆ ದಲಿತರದ್ದಲ್ಲದ ಎರಡು ಹೆಸರು ಯಾಕೆ ಅಂತ ನಮ್ಮ ಹುಡುಗರು ಕೇಳ್ತಾರ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ನಮ್ಮ ಊರುಗಳಲ್ಲಿ ನಮ್ಮ ಜಾಗಕ್ಕ ಹೆಸರಿಟ್ಟವರು ಬೇರೆಯವರು. ಹೊಲಗೇರಿ, ಮಾದಿಗರ ಕೇರಿ. ಗುಪ್ತಶೆಟ್ಟಿಹಳ್ಳಿಯಲ್ಲಿ ಹೆಸರಿಡೋ ಹಕ್ಕು ಆ ಜನರ ಕೈಗೆ ಬಂತು. ಯಾರ ಹೆಸರು ಅನ್ನೋದಕ್ಕಿಂತ ಯಾರು ಇಟ್ಟರು ಅನ್ನೋದು ನನಗೆ ದೊಡ್ಡದು.

ಆದರೆ ಒಳ್ಳೆ ಸಾಹೇಬರನ್ನ ಕಾಯ್ತಾ ಕೂತ್ರ ನಮ್ಮ ಕೆಲಸ ಆಗೋದಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಇಟ್ಟರು. ಶಿಕ್ಷೆಯ ತೀರ್ಪು ಬರಲಿಕ್ಕೆ 2024ರ ಅಕ್ಟೋಬರ್ ಆಯ್ತು, ಹತ್ತು ವರ್ಷ. ಒಬ್ಬ ಅಧಿಕಾರಿಯ ಒಳ್ಳೆತನಕ್ಕ ವರ್ಗಾವಣೆ ಆಗ್ತದ, ಸಾವೂ ಬರ್ತದ. ಕಾಯ್ದೆ ಮಾತ್ರ ಊರಾಗೇ ಇರ್ತದ.

ಕಾಯ್ದೆ ಏನು ಹೇಳ್ತದ ನೋಡ್ರಿ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಂ ಪ್ರಕಾರ ದಲಿತರ ಭೂಮಿಯನ್ನ ಅಕ್ರಮವಾಗಿ ಆಕ್ರಮಿಸೋದು, ಉಳುಮೆ ಮಾಡೋದು ಅಪರಾಧ. ಸಿವಿಲ್ ಮ್ಯಾಟರ್ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. 4ನೇ ಕಲಂ ಕರ್ತವ್ಯ ಮರೆತ ಅಧಿಕಾರಿಯನ್ನೂ ಶಿಕ್ಷೆಗೆ ಒಳಪಡಿಸ್ತದ. 1995ರ ನಿಯಮಗಳ ಪ್ರಕಾರ ತನಿಖೆ ಡಿವೈಎಸ್ಪಿಗಿಂತ ಕೆಳಗಿನವರು ಮಾಡಬಾರದು. ಡಿಸಿ, ಎಸ್ಪಿ ಘಟನೆ ನಡೆದ ಜಾಗಕ್ಕ ಬರಬೇಕು. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕು, ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಮಿತಿ ವರ್ಷಕ್ಕ ಎರಡು ಸಲ. ಮಂಜೂರಾದ ಭೂಮಿ ಪರಭಾರೆ ಆಗಿದ್ರ 1978ರ ಪಿಟಿಸಿಎಲ್ ಕಾಯ್ದೆ ಐತಿ. ಅರ್ಜಿ ಹಾಕಲಿಕ್ಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳೈತಿ.

ಹಂಗಾಗಿ ಈ ಸಲ ಡಿಸೆಂಬರ್ 28ಕ್ಕ ಬರೇ ಫೋಟೋ ಹಾಕಿ ಸುಮ್ಮನಾಗೋದು ಬ್ಯಾಡ. ನಿಮ್ಮ ತಾಲೂಕಿನ ವಾಲೀಕಾರಕಿ, ತಳವಾರಕಿ ಇನಾಮು ಹೊಲಗಳ ಹಳೇ ಪಹಣಿ ತೆಗೆಸ್ರಿ. ಮರುಮಂಜೂರಿ ಆದೇಶದ ನಕಲು ಕೇಳ್ರಿ. ಜಾಗೃತಿ ಸಮಿತಿ ಕಳೆದ ಎರಡು ವರ್ಷದಾಗ ಎಷ್ಟು ಸಲ ಕೂಡಿತು, ನಡಾವಳಿ ಕೊಡ್ರಿ ಅಂತ ಮಾಹಿತಿ ಹಕ್ಕಿನೊಳಗ ಅರ್ಜಿ ಹಾಕ್ರಿ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಕಾಗದ ಓದಲಿಕ್ಕೆ ಸಹಾಯ ಬೇಕಾದವರು ಕಮೆಂಟ್ ಮಾಡ್ರಿ, ಕೂಡಿ ಕೂತು ಓದೋಣ.

ಮಧುಕರ ಶೆಟ್ಟರು ಎಸ್ಪಿ ಕುರ್ಚಿ ಮ್ಯಾಲೆ ಕೂತು ಆ ಕುರ್ಚಿಯಿಂದ ಏನು ಸಾಧ್ಯ ಅಂತ ಒಮ್ಮೆ ಮಾಡಿ ತೋರಿಸಿದರು. ಇನ್ನು ಮುಂದ ಆ ಕುರ್ಚಿಗೆ ಯಾರೇ ಬರಲಿ, “ಆಗೋದಿಲ್ಲ” ಅಂದ್ರ ನಾವು ಒಂದು ಊರಿನ ಹೆಸರು ಹೇಳಬಹುದು.

ಜೈ ಭೀಮ್.