ಫ್ಲೋರೈಡ್ ಸೀಮೆಯಲ್ಲಿ ಎಲುಬು ತುಂಬುವ ಸೆರಾಮಿಕ್‌ಗಳು: ಒಂದು ತೌಲನಿಕ ವಿಚಾರ

ಗಡ್ಡೆ ಕೆರೆದು ತೆಗೆದಾಗ ಅಥವಾ ಅಪಘಾತದಲ್ಲಿ ಎಲುಬಿನ ಚೂರು ಕಳೆದಾಗ ಉಳಿಯುವ ಪೊಳ್ಳಿಗೆ ರೋಗಿಯ ಸೊಂಟದ ಎಲುಬಿನ ಕಸಿಯೇ ಇಂದಿಗೂ ಮೇಲು. ಅದು ಸಾಲದಾದಾಗ ಸೆರಾಮಿಕ್ ಬೇಕಾಗುತ್ತದೆ. ಇವುಗಳನ್ನು ಹೋಲಿಸುವ ಬರಹಗಳು ವಸ್ತುವಿನ ಬಲ, ರಂಧ್ರದ ಅಳತೆ, ಕರಗುವ ವೇಗಗಳನ್ನು ತೂಗುತ್ತವೆ. ಆ ವಸ್ತುವನ್ನು ಬರಮಾಡಿಕೊಳ್ಳುವ ಎಲುಬು ಮಾತ್ರ ಎಲ್ಲೆಡೆ ಒಂದೇ ಎಂದು ಗ್ರಹಿಸುತ್ತವೆ. ಆಂಧ್ರದ ಕರ್ನೂಲು ಜಿಲ್ಲೆಯ ಫ್ಲೋರೈಡ್ ಸೀಮೆಯಾದ ಪೆದ್ದಕಡುಬೂರು, ಆದೋನಿ ಕಡೆಗೆ ಈ ಗ್ರಹಿಕೆ ಹೊಂದದು ಎಂಬುದು ನನ್ನ ವಾದ.

ಈ ಸೆರಾಮಿಕ್‌ಗಳಲ್ಲಿ ಹಳೆಯದು ಪ್ಲಾಸ್ಟರ್ ಆಫ್ ಪ್ಯಾರಿಸ್. ಜರ್ಮನಿಯ ಶಸ್ತ್ರವೈದ್ಯ ಡ್ರೀಸ್‌ಮನ್ 1892ರಲ್ಲೇ ಅದನ್ನು ಎಲುಬಿನ ಪೊಳ್ಳಿಗೆ ತುಂಬಿದ್ದ. ಅಗ್ಗ, ಆದರೆ ಕೆಲವೇ ವಾರಗಳಲ್ಲಿ ಕರಗುತ್ತದೆ. ಹೊಸ ಎಲುಬು ಬೆಳೆಯುವ ಮೊದಲೇ ಆಸರೆ ತಪ್ಪುತ್ತದೆ. ಇದಕ್ಕೆ ತದ್ವಿರುದ್ಧ ಹೈಡ್ರಾಕ್ಸಿಅಪಟೈಟ್. ನಮ್ಮ ಎಲುಬಿನ ಖನಿಜದ ಹತ್ತಿರದ ನೆಂಟ, ಕ್ಯಾಲ್ಸಿಯಂ-ರಂಜಕ ಅನುಪಾತ 1.67. ಹೆಚ್ಚು ಉಷ್ಣದಲ್ಲಿ ಸುಟ್ಟದ್ದಾದರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಈ ಅನುಪಾತ 1.5, ಅದು ತಿಂಗಳುಗಳಲ್ಲಿ ಕರಗುತ್ತ ಎಲುಬಿಗೆ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿದರೆ ವೇಗವನ್ನು ಬೇಕಾದಂತೆ ಹೊಂದಿಸಬಹುದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಇದಕ್ಕೆ ಕ್ಯಾಲ್ಸಿಯಂ ಸಿಲಿಕೇಟನ್ನೂ ಕೂಡಿಸಿ ತ್ರಿಘಟಕ ಸೆರಾಮಿಕ್ ರೂಪಿಸಿ, ಆಡಿನ ತೊಡೆ ಎಲುಬಿನಲ್ಲಿ ಪರೀಕ್ಷಿಸಿದ್ದಾರೆ. ಸೆಳೆತ, ಬಾಗುಗಳಿಗೆ ಇವೆಲ್ಲವೂ ಬಲಹೀನ. ತಟ್ಟೆ-ತಿರುಪುಗಳ ಆಸರೆ ಇಲ್ಲದೆ ಭಾರ ಹೊರುವ ಕಡೆ ಬಳಸುವಂತಿಲ್ಲ.

ಈಗ ನೆಲದ ಮಾತು. ಆದೋನಿ ಸೀಮೆಯ ಕಪ್ಪುಮಣ್ಣಿನ ಕೆಳಗಿರುವುದು ಗ್ರಾನೈಟ್, ನೈಸ್ ಶಿಲೆ. ಇಂಥ ಶಿಲೆಯ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚಿರುವ ನೀರಿನಲ್ಲಿ ಇನ್ನೂ ಹೆಚ್ಚು. ಕರ್ನೂಲು, ಅನಂತಪುರ, ಬಳ್ಳಾರಿ, ರಾಯಚೂರು ನಾಲ್ಕೂ ಈ ತೊಂದರೆ ಕಂಡ ಜಿಲ್ಲೆಗಳು. ಮಿತಿಮೀರಿದ ಫ್ಲೋರೈಡಿನಿಂದ ಬರುವ ರೋಗವಾದ ಎಲುಬಿನ ಫ್ಲೋರೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಮದ್ರಾಸ್ ಪ್ರಾಂತದ ನೆಲ್ಲೂರು ಕಡೆಯಿಂದ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ದೀರ್ಘಕಾಲ ಇಂಥ ನೀರು ಕುಡಿದವರ ಎಲುಬು ದಟ್ಟವಾಗಿ ಕಂಡರೂ ಪೆಡಸು. ಎಲುಬಿನ ಖನಿಜವಾದ ಅಪಟೈಟಿನ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂತಿರುವುದರಿಂದ ಆ ಖನಿಜ ಸುಲಭಕ್ಕೆ ಕರಗದು. ಸುಟ್ಟ ಎಲುಬಿನ ಇದ್ದಿಲು ನೀರಿನ ಫ್ಲೋರೈಡನ್ನು ಹೀರುವುದು ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಸೇರುವ ಇದೇ ಗುಣದಿಂದ. ಹಾಗಾದರೆ ಅದೇ ಖನಿಜದ ತುಂಡನ್ನು ಫ್ಲೋರೋಸಿಸ್ ಇರುವ ದೇಹದೊಳಗಿಟ್ಟರೆ? ಮೊದಲೇ ನಿಧಾನವಾಗಿ ಕರಗುವ ಹೈಡ್ರಾಕ್ಸಿಅಪಟೈಟ್ ಮತ್ತಷ್ಟು ಗಟ್ಟಿಯಾಗಿ, ಎಲುಬಿನೊಳಗೆ ಕಾಯಂ ಕಲ್ಲಾಗಿ ಉಳಿದೀತೆಂಬ ಶಂಕೆ ರಾಸಾಯನಿಕವಾಗಿ ಸಮಂಜಸ. ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಬದಲಾಗಲು ಹೈಡ್ರಾಕ್ಸಿಲ್ ಇಲ್ಲ. ಆದರೆ ಅದು ಕರಗಿದ ಮೇಲೆ ಸುತ್ತ ಕೂಡುವ ಹೊಸ ಖನಿಜದಲ್ಲಿ ಫ್ಲೋರೈಡ್ ಸೇರಬಹುದು.

ಆದ್ದರಿಂದ ಇಂಥ ರೋಗಿಗಳಿಗೆ, ಬೇರೆಲ್ಲ ಸಮವಿದ್ದರೆ, ಶುದ್ಧ ಹೈಡ್ರಾಕ್ಸಿಅಪಟೈಟಿಗಿಂತ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚಿರುವ ಮಿಶ್ರಣದತ್ತ ನನ್ನ ಒಲವು. ಇದು ಊಹೆ, ಪರೀಕ್ಷೆಗೆ ಒಳಪಡಬೇಕಾದದ್ದು. ಮೊದಲ ಹೆಜ್ಜೆ ದುಬಾರಿಯೇನಲ್ಲ: ಕರಗುವಿಕೆಯ ಪ್ರಯೋಗವನ್ನು ಫ್ಲೋರೈಡ್ ಸೇರಿಸಿದ ದ್ರವದಲ್ಲೂ ನಡೆಸುವುದು, ರೋಗಿಯ ಕೇಸ್ ಶೀಟಿನಲ್ಲಿ ಎಷ್ಟು ವರ್ಷ ಯಾವ ಬೋರಿನ ನೀರು ಕುಡಿದರೆಂದು ಬರೆದಿಡುವುದು.