ದಾದಾ ಎಂದರೆ ಅಣ್ಣ

ಮರಾಠಿಯಲ್ಲಿ 'ದಾದಾ' ಎಂದರೆ ಅಣ್ಣ. ಮನೆಯೊಳಗೆ ಒಡಹುಟ್ಟಿದವನನ್ನು ಕರೆಯುವ ಈ ಪದ ಮುಂಬೈಯ ಗಲ್ಲಿಗಳಲ್ಲಿ ಪುಂಡರ ಮುಖಂಡನಿಗೂ ಅಂಟಿಕೊಂಡಿತು. ಕನ್ನಡಕ್ಕೆ ಬರುವಷ್ಟರಲ್ಲಿ ಅಣ್ಣತನ ಉದುರಿಹೋಗಿ ದಾದಾಗಿರಿ ಮಾತ್ರ ಉಳಿಯಿತು. ಹಿಂದಿಯ 'ಭಾಯಿ', ಅಮೆರಿಕದ 'ಗಾಡ್‌ಫಾದರ್', ಜಪಾನಿನ 'ಓಯಾಬುನ್', ಎಲ್ಲವೂ ನೆಂಟಸ್ತಿಕೆಯ ಮಾತುಗಳೇ.

ಇದಕ್ಕೊಂದು ಕಾರಣವಿದೆ. ಅರಸರ ಮನೆತನಕ್ಕೆ ಪಟ್ಟದ ನಿಯಮವಿರುತ್ತದೆ. ವ್ಯಾಪಾರದ ಪಾಲುದಾರರಿಗೆ ಕರಾರುಪತ್ರವಿರುತ್ತದೆ. ಕೂಡುಕುಟುಂಬ ಒಡೆದರೆ ಕೋರ್ಟಿದೆ. ಗ್ಯಾಂಗಿಗೆ ಇವು ಯಾವುವೂ ಇಲ್ಲ. ಮುಂದಿನ ನಾಯಕ ಯಾರೆಂದು ಅಲ್ಲಿ ಬರೆದಿಡುವಂತಿಲ್ಲ, ತಗಾದೆ ಬಂದರೆ ದೂರು ಕೊಡುವಂತಿಲ್ಲ. ಹಾಗಾಗಿ ಅದು ಮನೆಯ ಮಾತನ್ನು ಕಡ ತರುತ್ತದೆ. ಆ ಮಾತು ಸೋತ ಗಳಿಗೆಯೇ ಗ್ಯಾಂಗ್ ಸಿನಿಮಾದ ದೊಡ್ಡ ಕತೆ.

ಮೊದಮೊದಲು ಈ ಕತೆ ಸರಳವಾಗಿತ್ತು. ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ ಬಂದ 'ಲಿಟಲ್ ಸೀಸರ್'ನಲ್ಲಿ ರಿಕೋ ಎಂಬ ಪುಡಿಗಳ್ಳ ನಗರಕ್ಕೆ ಬಂದು ಸ್ಯಾಮ್ ವೆಟ್ಟೋರಿಯ ಗುಂಪು ಸೇರುತ್ತಾನೆ. ಸ್ಯಾಮ್ ಮೆತ್ತಗಾಗಿದ್ದಾನೆ ಎಂದು ಕಂಡ ಕೂಡಲೇ ಅವನನ್ನು ಸರಿಸಿ ತಾನೇ ಕೂರುತ್ತಾನೆ. ಮರುವರ್ಷದ 'ಸ್ಕಾರ್‌ಫೇಸ್'ನಲ್ಲೂ ಟೋನಿ ತನ್ನ ಯಜಮಾನನನ್ನು ಮುಗಿಸಿಯೇ ಮೇಲೇರುವುದು. ಇಲ್ಲಿ ತಾಕತ್ತೇ ಅರ್ಹತೆ. ಕೆಲಸವಿಲ್ಲದೆ ಕೂತಿದ್ದ ಪ್ರೇಕ್ಷಕರಿಗೆ ಆ ಏರಿಕೆ ರುಚಿಸಿತು. ಕೊನೆಯಲ್ಲಿ ಇಬ್ಬರೂ ಪೊಲೀಸರ ಗುಂಡಿಗೆ ಬೀಳುತ್ತಾರೆ.

1972ರ 'ದಿ ಗಾಡ್‌ಫಾದರ್' ಈ ಜಗಳವನ್ನು ಮನೆಯೊಳಗೆ ತಂದಿತು. ಮಾದಕವಸ್ತುವಿನ ವ್ಯವಹಾರಕ್ಕೆ ಅಪ್ಪ ಒಲ್ಲೆ ಎನ್ನುವಾಗ ಹಿರಿಮಗ ಸನ್ನಿ ನಡುವೆ ಬಾಯಿಹಾಕುತ್ತಾನೆ. ಎದುರು ಕೂತ ಸೊಲೊಝೋಗೆ ಅಷ್ಟೇ ಸಾಕು. ಮುದುಕ ಹೋದರೆ ಮಗ ಒಪ್ಪುತ್ತಾನೆ ಎಂದು ಲೆಕ್ಕ ಹಾಕಿ ಅಪ್ಪನ ಮೇಲೆ ಗುಂಡು ಹಾರಿಸುತ್ತಾನೆ. ಕೊನೆಗೆ ಪಟ್ಟ ಸಿಗುವುದು ಕಿರಿಯ ಮಗ ಮೈಕೆಲ್‌ಗೆ. ತಂಗಿಯ ಮಗುವಿನ ದೀಕ್ಷಾಸ್ನಾನದಲ್ಲಿ ಅವನು ನಿಜವಾದ ಅರ್ಥದಲ್ಲೇ ಗಾಡ್‌ಫಾದರ್ ಆಗುತ್ತಾನೆ. ಆಮೇಲೆ ಅದೇ ಮಗುವಿನ ತಂದೆಯನ್ನು ಕೊಲ್ಲಿಸುತ್ತಾನೆ. 1974ರ ಎರಡನೇ ಭಾಗದಲ್ಲಿ ಒಡಹುಟ್ಟಿದ ಫ್ರೆಡೋನ ಸರದಿ. ಮನೆ ಉಳಿಸಲು ಹೊರಟವನು ಮನೆಯವರನ್ನೇ ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ.

ಅದೇ ಹೊತ್ತಿಗೆ ಜಪಾನಿನಲ್ಲಿ ಕಿಂಜಿ ಫುಕಸಾಕು ಇನ್ನೂ ಕಟುವಾದ ಮಾತು ಹೇಳಿದ. 'ಓಯಾ' ಎಂದರೆ ಹೆತ್ತವರು, 'ಕೋ' ಎಂದರೆ ಮಗು. ಯಾಕುಜಾ ನಾಯಕ ಓಯಾಬುನ್, ಹಿಂಬಾಲಕ ಕೋಬುನ್. ಸಾಕೆಯ ಬಟ್ಟಲು ಹಂಚಿಕೊಂಡರೆ ಸಂಬಂಧ ಗಟ್ಟಿ. 1960ರ ದಶಕದ ಸಿನಿಮಾಗಳು ಈ ನಿಷ್ಠೆಯನ್ನು ಕೊಂಡಾಡಿದ್ದವು. 1973ರ 'ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮಾನಿಟಿ' ಅದನ್ನು ತಿರುವಿಹಾಕಿತು. ಒಬ್ಬ ಯಾಕುಜಾ ಬರೆದ ನೆನಪುಗಳೇ ಅದಕ್ಕೆ ಮೂಲ. ಯುದ್ಧದಲ್ಲಿ ಸೋತ ದೇಶ, ಹಿರೋಶಿಮಾ ಬಳಿಯ ಕುರೆ ಬಂದರು, ಕಾಳಸಂತೆ. ಅಲ್ಲಿ ಯಮಮೋರಿ ಎಂಬ ಓಯಾಬುನ್ ಹುಡುಗರ ಮುಂದೆ ಕಣ್ಣೀರು ಹಾಕುತ್ತಾನೆ. ಆ ಕಣ್ಣೀರಿಗೆ ಕರಗಿ ಹಿರೋನೋ ಕೊಲೆ ಮಾಡಿ ಜೈಲಿಗೆ ಹೋಗುತ್ತಾನೆ. ಹೊರಬರುವಷ್ಟರಲ್ಲಿ ಗೆಳೆಯರು ಗಾದಿಗಾಗಿ ಪರಸ್ಪರ ಕೊಂದುಕೊಳ್ಳುತ್ತಿರುತ್ತಾರೆ. ಯಮಮೋರಿ ಮಾತ್ರ ಸುಖವಾಗಿರುತ್ತಾನೆ. ಕೊನೆಗೆ ಹಳೆಯ ಗೆಳೆಯನ ಉತ್ತರಕ್ರಿಯೆಗೆ ಬಂದ ಹಿರೋನೋ ಪಿಸ್ತೂಲು ತೆಗೆದು, ಕೊಲ್ಲಿಸಿದವರೇ ಇಟ್ಟ ಹೂವು ಹರಕೆಗಳಿಗೆ ಗುಂಡು ಹೊಡೆಯುತ್ತಾನೆ. ಯಾರೂ ಸಾಯುವುದಿಲ್ಲ. ಅಪ್ಪ ಮಗ ಎಂಬ ಸುಳ್ಳು ಮಾತ್ರ ಸಾಯುತ್ತದೆ.

ಮುಂಬೈಯ ಭೂಗತಲೋಕದಲ್ಲಿ ದಾವೂದ್ ಇಬ್ರಾಹಿಂ ಮತ್ತು ಛೋಟಾ ರಾಜನ್ ಬೇರೆಯಾದ ಘಟನೆಯ ನೆರಳು ರಾಮ್ ಗೋಪಾಲ್ ವರ್ಮಾರ 'ಕಂಪನಿ'ಯ (2002) ಮೇಲಿದೆ. ಮಲಿಕ್ ಮತ್ತು ಚಂದು ಅಣ್ಣತಮ್ಮಂದಿರಂತಿದ್ದವರು. ಮಕ್ಕಳಿದ್ದಾರೆಂದು ಚಂದು ಕೊಲೆಯೊಂದನ್ನು ಕೊನೆಗಳಿಗೆಯಲ್ಲಿ ತಡೆದದ್ದು ಬಿರುಕಿಗೆ ಕಾರಣವಾಗುತ್ತದೆ. ಅಪ್ಪಣೆ ಮೀರಿದವನನ್ನು ನಾಯಕ ನಂಬಲಾರ. ಇಬ್ಬರೂ ವಿದೇಶದಲ್ಲಿದ್ದು ಫೋನಿನಲ್ಲಿ ಬೈದಾಡುತ್ತಾರೆ, ಇಲ್ಲಿ ಮುಂಬೈಯ ಬೀದಿಗಳಲ್ಲಿ ಅವರ ಹುಡುಗರು ಸಾಯುತ್ತಾರೆ. ಆ ಹುಡುಗರಲ್ಲಿ ಯಾರೂ ಗಾದಿಯ ಕನಸು ಕಂಡವರಲ್ಲ.

ಕನ್ನಡದಲ್ಲಿ ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಆಧರಿಸಿದ 'ಆ ದಿನಗಳು' (2007) ಬಂತು. 1986ರಲ್ಲಿ ನಡೆದ ಕೊತ್ವಾಲ್ ರಾಮಚಂದ್ರನ ಕೊಲೆ ಅದರ ವಸ್ತು. ಅಲ್ಲೂ ಕೊಲ್ಲುವವರು ಹೊರಗಿನವರಲ್ಲ, ಅಡಗುದಾಣದಲ್ಲಿ ಜೊತೆಗಿದ್ದವರೇ.

ಎಪ್ಪತ್ತು ವರ್ಷಗಳಲ್ಲಿ ಕ್ಯಾಮೆರಾ ಗಾದಿ ಏರುವವನ ಮುಖದಿಂದ ಮೆಲ್ಲನೆ ಕೆಳಗಿಳಿದು, ಅವನನ್ನು ಅಪ್ಪ, ಅಣ್ಣ ಎಂದು ನಂಬಿದವನ ಮುಖಕ್ಕೆ ಬಂತು. ಗಾದಿ ಯಾರಿಗೆ ಸಿಕ್ಕಿತು ಎಂಬುದಕ್ಕಿಂತ ಅದರ ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ದೊಡ್ಡದಾಯಿತು. 'ದಾದಾ' ಪದದಿಂದ ಉದುರಿಹೋದ ಅಣ್ಣತನವನ್ನು ಕೊನೆಯವರೆಗೂ ನಂಬಿದವರು ಆ ಹುಡುಗರು ಮಾತ್ರ.